ಸುಗಂಧಾಗೆ ಮಂಪರು ಹತ್ತಲಿಲ್ಲ

ಉಮರ್ಗಾದ ಆ ಖಾಸಗಿ ದವಾಖಾನೆಯಲ್ಲಿ ಸುಗಂಧಾಗೆ ಮಂಪರಿನ ಸೂಜಿ ಚುಚ್ಚಿ ಹತ್ತು ನಿಮಿಷವಾಗಿತ್ತು. ಡಾಕ್ಟರು ಆಕೆಯ ಕಣ್ಣ ಮುಂದೆ ಬೆರಳಾಡಿಸಿ ನಿದ್ದೆ ಬಂತೇನು ಎಂದು ಕೇಳಿದರು.

"ಇನ್ನೂ ಇಲ್ಲರಿ ಸಾಹೇಬ್ರ. ಹನ್ನೊಂದೂ ಇಪ್ಪತ್ತಾಗ್ಯಾದ" ಎಂದಳು, ಗೋಡೆಯ ಗಡಿಯಾರ ನೋಡಿ.

ಕೇಳದಿದ್ದ ಟೈಮನ್ನೂ ಹೇಳುವ ರೋಗಿಯನ್ನು ಡಾಕ್ಟರು ಹಿಂದೆ ಕಂಡಿರಲಿಕ್ಕಿಲ್ಲ. ಇನ್ನೊಂದು ಸೂಜಿ ಚುಚ್ಚಿದರು. ಮತ್ತೆ ಹತ್ತು ನಿಮಿಷ ಬಿಟ್ಟು ಬಂದಾಗ ಆಕೆ ನರ್ಸಿನ ಕೊರಳ ಸರದ ಕೊಂಡಿ ಬಿಚ್ಚಿದೆಯೆಂದೂ, ಹಾಗೇ ಬಿಟ್ಟರೆ ಕಳೆದುಹೋದೀತೆಂದೂ ಬುದ್ಧಿ ಹೇಳುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಹದಿನೆಂಟು ಮಂದಿ ಕಾಯುತ್ತಿದ್ದರು. ಡಾಕ್ಟರ ಸಹನೆ ಮೀರಿತು. "ಹಿಡೀರಿ" ಎಂದರು. ಇಬ್ಬರು ಕಂಪೌಂಡರು ಹೆಗಲು ಹಿಡಿದರು, ನರ್ಸು ಕಾಲು ಹಿಡಿದಳು, ಡಾಕ್ಟರು ಮುರಿದ ಬಲಗೈ ಮಣಿಕಟ್ಟನ್ನು ಹಿಡಿದು ಎಳೆದರು. ಎದುರಿನ ಚಹಾದ ಅಂಗಡಿಯಲ್ಲಿ ಕೂತಿದ್ದ ಗಂಡ ಉಮಾಕಾಂತನ ಕೈಯ ಕಪ್ಪು-ಬಶಿ ಆಕೆಯ ಚೀರಾಟಕ್ಕೆ ಅಲುಗಾಡಿತು. ಹಿರಿಯ ಕಂಪೌಂಡರಿಗೆ ಹೊಟ್ಟೆಗೆ ಒಂದು ಒದೆಯೂ ಬಿತ್ತು. ಎಳೆದದ್ದು ಅರ್ಧಕ್ಕೇ ನಿಂತಿತು. ಹಾಗೆಯೇ ಪ್ಲಾಸ್ಟರ್ ಮೆತ್ತಿ ಎಕ್ಸ್‌ರೇ ಫೋಟೋ ತೆಗೆದರೆ ಎಲುಬಿನ ತುದಿ ಇನ್ನೂ ಪಕ್ಕಕ್ಕೇ ಕೂತಿತ್ತು.

ಡಾಕ್ಟರು ಉಮಾಕಾಂತನನ್ನು ಒಳಗೆ ಕರೆದು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿದರು. ಹತ್ತನೇ ಇಯತ್ತೆ ಪಾಸಾಗಿದ್ದ ಉಮಾಕಾಂತ ಅಕ್ಷರ ಕೂಡಿಸಿ ಓದಿದ. ಅಲ್ಕೋಹಾಲ್. ಮುಂದೊಂದು ಪ್ರಶ್ನೆಚಿಹ್ನೆ.

"ರೋಜ ದಾರು ಕುಡಿಯೋರಿಗೆ, ಇಲ್ಲಾ ನಿದ್ದಿ ಗುಳಿಗಿ ಚಟ ಇದ್ದವರಿಗೆ ಈ ಸೂಜಿ ಹತ್ತಂಗಿಲ್ಲ. ಮನ್ಯಾಗ ವಿಚಾರ ಮಾಡ್ರಿ. ಹತ್ತು ಹನ್ನೆರಡು ದಿವಸದಾಗ ಎಲುಬು ಮತ್ತ ಕೂಡಿಸ್ಬೇಕು, ಇಲ್ಲಂದ್ರ ಸೊಟ್ಟಗೇ ಬೆಸಿತದ. ಆದ್ರ ನನ್ನ ಟೇಬಲ್ ಮ್ಯಾಲ ಬ್ಯಾಡ" ಎಂದರು.

ಬೇರೆ ಹೆಂಗಸಿಗಾದರೆ ಮಣಿಕಟ್ಟು ತುಸು ಸೊಟ್ಟಾದರೂ ಸಂಸಾರ ನಡೆಯುತ್ತದೆ. ಸುಗಂಧಾಳ ಮಾತು ಬೇರೆ. ಮರಾಠಿ ಸೀಮೆಯ ಗಂಡನೂರು ಕಾಸಾರಶಿರಸಿಯ ಸುತ್ತ ಹತ್ತು ಹಳ್ಳಿಗಳಲ್ಲಿ ಹೋಳಿಗೆಯೆಂದರೆ ಆಕೆಯದು. ಲಟ್ಟಿಸಿದ ಹೋಳಿಗೆಯನ್ನು ಬಲ ಅಂಗೈ ಮೇಲೆ ಹರವಿಕೊಂಡು, ಹಂಚಿನ ಮೇಲೆ ಕೈ ಒಯ್ದು, ಮಣಿಕಟ್ಟನ್ನು ಒಮ್ಮೆ ಬೋರಲು ತಿರುವುತ್ತಾಳೆ. ಹೋಳಿಗೆ ಒಂದು ನೆರಿಗೆಯಿಲ್ಲದೆ ಮಲಗುತ್ತದೆ. ಪಾತಳ, ಅಂದರೆ ತೆಳ್ಳಗೆ, ಎಷ್ಟೆಂದರೆ, ಕೆಳಗಿನ ತಾಟಿನ ಹೂವು ಕಾಣಬೇಕು. ಭಾಲ್ಕಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ಈ ಒಂದು ತಿರುವಿನ ಮೇಲೆ ಮರಾಠಿ ಮಂದಿಯ ಅಡುಗೆಮನೆಗಳನ್ನೆಲ್ಲ ಗೆದ್ದುಕೊಂಡಿದ್ದಳು. ಭೂಕಂಪದಲ್ಲಿ ಮನೆ ಬಿದ್ದ ಮೇಲೆ ಎರಡು ವರ್ಷ ತಗಡಿನ ಶೆಡ್ಡಿನಲ್ಲಿದ್ದಾಗಲೂ ಮೂರು ಕಲ್ಲಿನ ಒಲೆಯ ಮೇಲೆ ಹಂಚಿಟ್ಟು ಮದುವೆ ಊಟ ತೆಗೆದವಳು. ಉಮಾಕಾಂತನ ಹಿಟ್ಟಿನ ಗಿರಣಿ ಕರೆಂಟಿದ್ದಾಗ ತಿರುಗುತ್ತದೆ. ಮನೆ ತಿರುಗುವುದು ಈ ಮಣಿಕಟ್ಟಿನ ಮೇಲೆ ಎಂಬುದು ಅವನಿಗೂ ಗೊತ್ತು. ಹೇಳುವುದಿಲ್ಲ, ಅಷ್ಟೆ.

ಅಂಥ ಕೈ, ಹನ್ನೆರಡು ದಿನದ ಗಡುವು, ಮತ್ತು ದಾರಿಗೆ ಅಡ್ಡವಾಗಿ ಒಂದು ಪ್ರಶ್ನೆಚಿಹ್ನೆ.

ಬಸ್ಸಿನಲ್ಲಿ ಉಮಾಕಾಂತ ಕಿಟಕಿಯ ಕಡೆ ಮುಖಮಾಡಿ ಕೇಳಿದ. "ಯಾರ ಮನ್ಯಾಗ ಕುಡದಿ?"

"ಹೂರಣದ ಕಟ್ಟು ಕುಡದೀನಿ. ನಶಾ ಏರ್ತದೇನು ನೋಡ್ರಿ."

"ಚೇಷ್ಟಿ ಬ್ಯಾಡ. ಡಾಕ್ಟರ್ ಸುಮ್ಮ ಬರೀತಾನ?"

"ಡಾಕ್ಟರ್ ಪ್ರಶ್ನಾ ಬರದಾನ. ಜವಾಬು ನೀವು ಬರೀಲಕತ್ತೀರಿ."

ಮನೆಯಲ್ಲಿ ಅತ್ತೆ ಮಾಣಿಕಬಾಯಿ ವಿಷಯ ಕೇಳಿ ಸೊಸೆಯ ಗದ್ದ ಹಿಡಿದೆತ್ತಿ ಬಾಯಿ ಮೂಸಿ ನೋಡಿದಳು. "ಎಲಿ ಅಡಿಕಿ ವಾಸನಿ ಬಿಟ್ರ ಏನಿಲ್ಲಪಾ" ಎಂದು ಮಗನಿಗೆ ವರದಿ ಕೊಟ್ಟಳು. ನಲವತ್ತೊಂದು ವರ್ಷದ ಹೆಂಗಸು, ಮುರಿದ ಕೈ ಎದೆಗೆ ಕಟ್ಟಿಕೊಂಡು, ಬಾಯಿ ತೆರೆದು ನಿಂತಿದ್ದಳು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರೂ ಇದಕ್ಕಿಂತ ಮರ್ಯಾದೆಯಿಂದ ನೋಡುತ್ತಾರೆ.

ಹಾಗಂತ ಸುಗಂಧಾ ಪೂರಾ ಸತ್ಯವಂತಳೂ ಆಗಿರಲಿಲ್ಲ. ಉಮರ್ಗಾದಲ್ಲಿ "ಏನಾದ್ರೂ ಗುಳಿಗಿ ತಗೋತೀರೇನು?" ಎಂದು ನರ್ಸು ಕೇಳಿದ್ದಳು. ಪಕ್ಕದಲ್ಲಿ ಗಂಡ ನಿಂತಿದ್ದ. "ಇಲ್ಲ" ಎಂದಿದ್ದಳು.

ತೆಗೆದುಕೊಳ್ಳುತ್ತಿದ್ದಳು. ಈ ಭಾಗದ ಹೆಂಗಸರು ಅದಕ್ಕೆ ಪೂಜಾದ ಗುಳಿಗಿ ಎನ್ನುತ್ತಾರೆ. ಮುಟ್ಟಾಗುವುದಕ್ಕೆ ಇಲ್ಲಿ ಬಾಜೂಕ ಕೂಡುವುದು ಎಂದು ಹೆಸರು. ಬಾಜೂಕ ಕೂತವಳು ದೇವರ ನೈವೇದ್ಯ ಮುಟ್ಟುವಂತಿಲ್ಲ. ಪೂಜೆ ಬಂತೆಂದರೆ ಗುಳಿಗೆ ನುಂಗಿ ದಿನ ಮುಂದೆ ತಳ್ಳುವುದು ಮನೆಮನೆಯ ರೂಢಿ. ಒಂದು ಪೂಜೆಯವಳಿಗೆ ಐದು ಗುಳಿಗೆ ಸಾಕು. ಹತ್ತು ಮನೆಯ ಪೂಜೆಗೆ ಹೋಳಿಗೆ ಮಾಡುವವಳು ಹತ್ತು ಮನೆಯ ಪಂಚಾಂಗಕ್ಕೆ ತನ್ನ ಮೈಯನ್ನು ಹೊಂದಿಸಬೇಕು. ತಮಾಷೆಯೆಂದರೆ, ಸುಗಂಧಾಳ ಸ್ವಂತ ಮನೆಯಲ್ಲಿ ಈ ಕಟ್ಟಳೆಯೇ ಇಲ್ಲ. ಮಾಣಿಕಬಾಯಿ ಲಿಂಗ ಪೂಜಿಸುವಾಗ ಯಾರಾದರೂ ಮುಟ್ಟಿನ ಮಾತೆತ್ತಿದರೆ ಸಿಡಿಯುತ್ತಾಳೆ. "ಕೊರಳಾಗ ಲಿಂಗ ಕಟ್ಟಿಕೊಂಡವ್ರಿಗಿ ಮೈಲಿಗಿ ಎಲ್ಲಿಂದು ಬಂತು? ಅದು ಆ ಮಂದೀದು." ಆ ಮಂದಿಯ ದೇವರಿಗಾಗಿ ಸೊಸೆ ಗುಳಿಗೆ ನುಂಗುತ್ತಾಳೆಂದು ಗೊತ್ತಾದರೆ ಮನೆ ಎರಡು ಹೋಳು. ನುಂಗದಿದ್ದರೆ ಕೆಲಸ ಹೋಗುತ್ತದೆ. ಹೀಗಾಗಿ ಗುಳಿಗೆಯ ಪಟ್ಟಿ ಬೇಳೆ ಡಬ್ಬಿಯ ತಳದಲ್ಲಿ ಇರುತ್ತಿತ್ತು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಎರಡು ಶ್ರಾವಣ ಬಂದ ವರ್ಷ. ಅಧಿಕ ಶ್ರಾವಣ ಅಳಿಯಂದಿರ ತಿಂಗಳು. ಹೂರಣ ತುಂಬಿದ ಕಡುಬು ಮಾಡಿ ಅಳಿಯನ ತಾಟು ತುಂಬಿಸುವುದು ಮರಾಠಿ ಮನೆಗಳ ಪದ್ಧತಿ. ಅಳಿಯಂದಿರಿಗೆ ಬರಗಾಲವಿಲ್ಲ. ಅದು ಮುಗಿಯುತ್ತಲೇ ನಿಜ ಶ್ರಾವಣದ ವ್ರತಗಳು, ಅದರ ಬೆನ್ನಿಗೆ ಭಾದ್ರಪದದಲ್ಲಿ ಮೂರು ದಿನ ಕೂರಿಸಿ ಕಳಿಸುವ ಮಹಾಲಕ್ಷ್ಮಿ. ಎರಡು ತಿಂಗಳಿಗೂ ಮೇಲೆ ಒಂದು ದಿನದ ಬಿಡುವಿಲ್ಲ. ಹಳೆಯ ಗುಳಿಗೆ ಅಷ್ಟು ದಿನ ತಡೆಯಲಿಲ್ಲ, ಶುರುವಿಗೇ ಕಲೆ ಕಾಣಿಸಿತು. ಊರಿನ ಮೆಡಿಕಲ್ ಅಂಗಡಿಯ ಕಾಶೆಪ್ಪ ಬೇರೆ ಮಾಲು ತೆಗೆದ.

"ವೈನಿ, ಇದು ತಗೋ. ಕ್ಯಾಪ್ಸೂಲ್. ಹೆಣ್ಣಿನ ಮೈಯಾಗಿಂದೇ ಅಸಲಿ ಹಾರ್ಮೋನು. ಬಸರಿ ಹೆಂಗಸ್ರಿಗಿ ಬಸರು ನಿಲ್ಲಲಕ ಕೊಡ್ತಾರ. ದಿನಾ ರಾತ್ರಿ ಎರಡು."

ಡಾಕ್ಟರ ಚೀಟಿಯಿಲ್ಲದೆ ಕೊಟ್ಟ. ಕಾಶೆಪ್ಪನ ಅಂಗಡಿಯಲ್ಲಿ ಚೀಟಿ ಕೇಳುವುದು ಗಿರಾಕಿಗೆ ಮಾಡುವ ಅವಮಾನವೆಂದು ಅವನ ನಂಬಿಕೆ.

ಕ್ಯಾಪ್ಸೂಲ್ ಹತ್ತಿತು. ದಿನ ಮುಂದೆ ಹೋದದ್ದಷ್ಟೇ ಅಲ್ಲ. ಭೂಕಂಪವಾದಾಗಿನಿಂದ ಹನ್ನೊಂದು ವರ್ಷ ಒಂದು ಕಿವಿ ಮಾಳಿಗೆಗೆ ಕೊಟ್ಟೇ ಮಲಗುತ್ತಿದ್ದ ಸುಗಂಧಾ ಎರಡು ತಿಂಗಳು ಕೂಸಿನಂತೆ ಮಲಗಿದಳು. ಅತ್ತೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ದುಡಿದು ದಣಿದಿದ್ದಾಳೆಂದು ಅತ್ತೆಗೆ ಕನಿಕರ. ಹಬ್ಬಗಳು ಹೀಗೇ ಬರುತ್ತಿರಲಿ ಎಂದು ಸೊಸೆಗೆ ಆಸೆ.

ಮಹಾಲಕ್ಷ್ಮಿಯನ್ನು ಕಳಿಸಿದ ದಿನ ಕ್ಯಾಪ್ಸೂಲಿನ ಕೊನೆಯ ಪಟ್ಟಿ ಖಾಲಿಯಾಯಿತು. ಕೆಲಸವೂ ಮುಗಿದಿತ್ತು, ಮತ್ತೆ ಕೊಳ್ಳಲಿಲ್ಲ. ಮರುದಿನದಿಂದ ಎದೆ ಡವಡವ. ಬೆಕ್ಕು ಹೊಸ್ತಿಲು ದಾಟಿದರೂ ಬೆಚ್ಚುವುದು, ಒರಳುಕಲ್ಲಿನ ಜೊತೆಗೂ ಜಗಳ. ನಿದ್ದೆ ಕಾಲು ಕಿತ್ತಿತ್ತು. ಕಾಶೆಪ್ಪನ ಹತ್ತಿರ ನಿದ್ದೆಯ ಗುಳಿಗೆ ಕೇಳಿ ತಂದಳು. ಅದು ಹೊಸ ಗುರುತೇನಲ್ಲ. ಭೂಕಂಪದ ಶೆಡ್ಡಿನಲ್ಲಿ ಸರಕಾರಿ ಡಾಕ್ಟರು ಎಲ್ಲರಿಗೂ ಹಂಚಿದ್ದ ಅದೇ ಬಿಳಿ ಗುಳಿಗೆ. ಆಗ ಅರ್ಧ ಗುಳಿಗೆಗೇ ಸೂರ್ಯ ಹುಟ್ಟಿದ್ದು ತಿಳಿಯುತ್ತಿರಲಿಲ್ಲ. ಈಗ ಒಂದು ನುಂಗಿದಳು, ಏನಿಲ್ಲ. ಎರಡು ನುಂಗಿದಳು, ಏನಿಲ್ಲ. ಮೂರನೆಯ ದಿನ ಬೆಳಗ್ಗೆ ಹಳೆಯ ಗಿರಾಕಿ ಕುಸುಮಬಾಯಿಯ ಮನೆಯಲ್ಲಿ ಪೂಜೆಯ ಹಿತ್ತಾಳೆ ಪಾತ್ರೆಗಳನ್ನು ಮೇಲಿನ ಹಲಗೆಯ ಮೇಲಿಡಲು ಸ್ಟೂಲು ಹತ್ತಿದಳು. ಕೈಕಾಲು ನಡುಗುತ್ತಿದ್ದವು. ಕೊಡ ಮೊದಲು ಬಿತ್ತು, ಅದರ ಹಿಂದೆ ಸುಗಂಧಾ.

ಕುಸುಮಬಾಯಿ ಒಳ್ಳೆಯವಳೇ. ಓಡಿ ಬಂದವಳು ಮೊದಲು ಕೊಡ ಎತ್ತಿ ನೆಗ್ಗಿದೆಯೇ ಎಂದು ನೋಡಿದಳು, ಆಮೇಲೆ ಸುಗಂಧಾಳನ್ನು.

ಉಮರ್ಗಾದ ಮರುದಿನದಿಂದ ದಿನಗಳು ಸುಮ್ಮನೆ ಸೋರತೊಡಗಿದವು. ನಿಲಂಗಾಕ್ಕೆ ಒಯ್ದರೆ ಅಲ್ಲಿಯ ಡಾಕ್ಟರು ಕೈ ನೋಡುವ ಮೊದಲು ಕಾಗದ ನೋಡಿದರು. ಪ್ರಶ್ನೆಚಿಹ್ನೆಯ ಹತ್ತಿರ ಬೆರಳು ನಿಂತಿತು. "ಲಾತೂರಕ್ಕೆ ಒಯ್ಯಿರಿ" ಎಂದರು. ಲಾತೂರದ ಮಾತು ಎತ್ತಿದರೆ ಉಮಾಕಾಂತ, "ಅಲ್ಲಿಗಿ ಹೋಗಿ ಮತ್ತ ಮಾನ ಕಳಕೋಬೇಕಾ? ಮೊದಲು ಖರೇ ಹೇಳು" ಎಂದು ಕೂತ. ಕಾಗದ ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ, ಕಾಗದವಿಲ್ಲದೆ ಯಾವ ಡಾಕ್ಟರು ನೋಡುತ್ತಾನೆ ಎಂದ. ಕಾಗದ ತೋರಿಸಿದರೂ ನೋಡುವುದಿಲ್ಲ ಎಂಬುದನ್ನು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಇನ್ನೆರಡು ದಿನ ಹೋದವು. ಪ್ಲಾಸ್ಟರಿನೊಳಗೆ ಎಲುಬು ಯಾರ ಅಪ್ಪಣೆಯನ್ನೂ ಕಾಯದೆ ಬೆಸೆಯುತ್ತಲೇ ಇತ್ತು.

ಎಂಟನೆಯ ದಿನ ಸುಗಂಧಾ ಒಬ್ಬಳೇ ಕಾಶೆಪ್ಪನ ಅಂಗಡಿಗೆ ಹೋದಳು. ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು.

"ಕಾಶೆಪ್ಪಾ, ನಿನ್ನ ನಿದ್ದಿ ಗುಳಿಗಿ ಹಿಟ್ಟಿಂದೇನು?"

"ಅಯ್ಯ, ಏನ್ ಮಾತಾಡ್ತಿ ವೈನಿ! ಅದೇ ಡಬ್ಬಿದಾಗಿಂದು ಚಂದ್ರಭಾಗಾಬಾಯಿಗಿ ಕೊಟ್ಟೀನಿ. ಮೊನ್ನಿ ಮೊಮ್ಮಗನ ಲಗ್ನದ ಮಾತುಕತಿಯೊಳಗೇ ಮಲಗಿಬಿಟ್ಟಳು."

"ಹಂಗಿದ್ರ ಗುಳಿಗಿ ಛಲೋದ. ಉಮರ್ಗಾದ ಸೂಜಿನೂ ಛಲೋದೇ ಇರಬೇಕು. ಎರಡೂ ನನಗ ಹತ್ತಲಿಲ್ಲ. ಎರಡು ಅಂಗಡಿ ಮಾಲು ಕೂಡೇ ಕೆಡಂಗಿಲ್ಲ. ಕೆಟ್ಟಿದ್ದು ನನ್ನ ಕಡೆ ಅದ. ಈ ಶ್ರಾವಣದಾಗ ನನ್ನೊಳಗ ಹೊಸಾದು ಹೋಗಿದ್ದು ಒಂದೇ."

ಕಾಶೆಪ್ಪ ಎದ್ದು ರಸ್ತೆಯ ಆಚೆ ಈಚೆ ನೋಡಿದ. "ವೈನಿ, ಆ ಕ್ಯಾಪ್ಸೂಲ್ ಮಾತು ಹೊರಗ ತಗೀಬ್ಯಾಡ. ಚೀಟಿ ಇಲ್ಲದ ಕೊಟ್ಟೀನಿ. ಇನ್ಸ್‌ಪೆಕ್ಟರ್ ಬಂದ್ರ ನನ್ನ ಶಟರ್ ಕೆಳಗ."

"ನನ್ನ ಕೈ ಕೆಳಗ ಆಗ್ಯಾದ, ನೋಡಿದಿ?"

"ಕ್ಯಾಪ್ಸೂಲಿಗೂ ಸೂಜಿಗೂ ಏನ್ ಸಂಬಂಧ? ನಾ ಇಪ್ಪತ್ತು ವರ್ಷಾತು ಧಂದಾ ಮಾಡ್ಲಕತ್ತು. ಕೇಳಿಲ್ಲ."

"ನೀ ಮಾರಲಕ ಓದೀದಿ. ಓದಿ ಮಾರಿಲ್ಲ. ಖಾಲಿ ಡಬ್ಬಿರೆ ಕೊಡು, ಹೆಸರು ಇರೂದು."

ಅವನು ಕೊಡಲಿಲ್ಲ. ಆಕೆ ಹೋಗಲೂ ಇಲ್ಲ. ಗಲ್ಲಾಪೆಟ್ಟಿಗೆಯ ಮುಂದಿನ ಸ್ಟೂಲಿನ ಮೇಲೆ ಪ್ಲಾಸ್ಟರಿನ ಕೈಯನ್ನು ಗಾಜಿನ ಮೇಲಿಟ್ಟು ಕೂತಳು. ಮೂರು ಗಿರಾಕಿಗಳು ಬಂದರು. ಮೂವರೂ ಕೈಗೇನಾಯಿತೆಂದು ಕೇಳಿದರು. ಮೂವರಿಗೂ ಆಕೆ, "ಕಾಶೆಪ್ಪಗ ಕೇಳ್ರಿ, ಅಂವಾ ಛಂದ ಹೇಳ್ತಾನ" ಎಂದಳು. ನಾಲ್ಕನೆಯವನು ಮೆಟ್ಟಿಲು ಹತ್ತುವಷ್ಟರಲ್ಲಿ ಡಬ್ಬಿ ಹೊರಗೆ ಬಂತು.

"ಉದಗೀರಕ್ಕೆ ಹೋಗು" ಎಂದ ಕಾಶೆಪ್ಪ, ದನಿ ತಗ್ಗಿಸಿ. "ಅಲ್ಲಿ ಮೀನಲ ಮ್ಯಾಡಂ ಅಂತ ಹೊಸಬರು ಬಂದಾರ. ಆಪರೇಶನ್ನಿಗಿ ಮಂಪರು ಕೊಡೂ ಡಾಕ್ಟರು. ಎಲ್ಲಾ ಕೇಳ್ತಾರಂತ. ಯಾವ ಗುಳಿಗಿ, ಯಾರು ಕೊಟ್ರು, ಎಷ್ಟು ದಿನ. ನಮ್ಮಂಥಾವ್ರಿಗಿ ಅದೇ ಅಂಜಿಕಿ. ನನ್ನ ಹೆಸರೊಂದು ಬಿಟ್ಟು ಏನರೆ ಹೇಳು."

ಉಮಾಕಾಂತನನ್ನು ಹೊರಡಿಸಲು ಇನ್ನೂ ಎರಡು ದಿನ ಬೇಕಾದವು. ಉದಗೀರದ ದವಾಖಾನೆಯ ಹೊಸ್ತಿಲು ತುಳಿದಾಗ ಹನ್ನೊಂದನೆಯ ದಿನ.

ಮೀನಲ ಡಾಕ್ಟರಬಾಯಿಗೆ ಮೂವತ್ತೆರಡೋ ಮೂವತ್ಮೂರೋ. ತಾಯಿಯ ತವರು ಬೀದರ ಕಡೆ, ಅದಕ್ಕೆ ಮರಾಠಿಯ ನಡುವೆ ಕನ್ನಡವೂ ಸುಳಿಯುತ್ತಿತ್ತು. ಕಾಗದ ಓದಿದಳು. ಪ್ರಶ್ನೆಚಿಹ್ನೆಯ ಮೇಲೆ ಕಣ್ಣಾಡಿಸಿ ಮಡಚಿಟ್ಟಳು. ಆಮೇಲೆ ಕೇಳತೊಡಗಿದಳು. ದಾರು? ತಂಬಾಕು? ಸಕ್ಕರೆ ಕಾಯಿಲೆ? ಮೊದಲೆಂದಾದರೂ ಮಂಪರು ಕೊಟ್ಟಿದ್ದರೇ? ಮುಟ್ಟಿನ ದಿನ ಯಾವಾಗ? ಅದಕ್ಕೆ ಏನಾದರೂ ಗುಳಿಗೆ?

ಉಮಾಕಾಂತ ಕುರ್ಚಿಯಲ್ಲಿ ಸರಿದಾಡಿದ. ಹೇಳಿದರೆ ಸುಗಂಧಾ ಇಪ್ಪತ್ತೆರಡು ವರ್ಷ ಬಾಳಿದ ಮನೆಯ ಮುಂದೆ ಸುಳ್ಳುಗಾತಿ. ಹೇಳದಿದ್ದರೆ ಕೈ ಹೀಗೇ. ಎಡಗೈಯಿಂದ ಕುಪ್ಪಸದೊಳಗಿನ ಚೀಲ ತೆಗೆದು, ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಇದು ರೀ. ದಿನಾ ಎರಡು. ಎರಡು ತಿಂಗಳ ಮ್ಯಾಲ. ಮಹಾಲಕ್ಷ್ಮಿ ಕಳಸಿದ ದಿನ ಬಿಟ್ಟೆ. ಮೂರನೇ ದಿನ ಬಿದ್ದೆ. ಅವತ್ತೇ ಉಮರ್ಗಾದಾಗ ಸೂಜಿ."

"ಯಾವ ಮಹಾಲಕ್ಷ್ಮಿ?" ಎಂದ ಉಮಾಕಾಂತ. "ನಮ್ಮ ಮನ್ಯಾಗ ಮಹಾಲಕ್ಷ್ಮಿ ಎಲ್ಲಿ ಅದ?"

"ಕುಸುಮಬಾಯಿ ಮನ್ಯಾಗ ಅದ. ಅಳಿಯಂದಿರ ಊಟಕ್ಕ ಮಾಡಿಕೊಟ್ಟ ಮನಿ ಹದಿನಾರು. ಎಲ್ಲಾರ ಮನ್ಯಾಗೂ ಅದ. ನಮ್ಮನ್ಯಾಗ ಇಲ್ಲ."

"ಅವ್ವಗ ಗೊತ್ತಾದ್ರ..."

"ನಿಮ್ಮವ್ವ ಬಾಯಿ ಮೂಸಿ ನೋಡ್ಯಾಳ. ಕ್ಯಾಪ್ಸೂಲಿಗಿ ವಾಸನಿ ಇರಂಗಿಲ್ಲ."

ಡಾಕ್ಟರಬಾಯಿ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದಳು. ಆಮೇಲೆ ಗಂಡನ ಕಡೆ ತಿರುಗಿದಳು, ಹೆಂಡತಿಯ ಕಡೆಯಲ್ಲ. ಹೇಳಬೇಕಾದ್ದು ಅವನಿಗೆಂದು ಆಕೆಗೆ ಅಷ್ಟರಲ್ಲಿ ತಿಳಿದಿತ್ತು.

"ಕೇಳ್ರಿ ಭಾವು. ಮೆದುಳಿನಾಗ ಬಾಗಲಾ ಇದ್ದಂಗ ಇರ್ತಾವ. ರಿಸೆಪ್ಟರ್ ಅಂತಾರ. ಅವು ತೆರದ್ರ ಮನಸ್ಸು ತಣ್ಣಗಾಗ್ತದ, ನಿದ್ದಿ ಬರ್ತದ. ಈ ಹಾರ್ಮೋನು ಮೈಯಾಗ ಕರಗಿ ಆ ಬಾಗಲಾನ ದೂಡ್ತದ. ಅದಕ್ಕೇ ಇವ್ರಿಗಿ ಎರಡು ತಿಂಗಳು ಗಡದ್ದು ನಿದ್ದಿ ಬಂದಿರಬೇಕು. ದಿನಾ ಯಾರೋ ದೂಡ್ಲಕತ್ರ ಮೆದುಳೂ ಸುಮ್ಮ ಕೂಡಂಗಿಲ್ಲ, ಹೊಂದಿಕೋತದ. ಒಂದೇ ದಿನ ದೂಡೋದು ನಿಂತ್ರ, ಬಾಗಲಾನೇ ಬದಲಾಗ್ತಾವ. ಹೊಸಾ ನಮೂನಿ ಬಾಗಲಾ, ಹೊರಗ ಹಿಡಿಕಿ ಇಲ್ಲದ್ದು. ನಿದ್ದಿ ಗುಳಿಗಿ, ಮಂಪರಿನ ಸೂಜಿ, ಎರಡೂ ಆ ಹಿಡಿಕಿ ಹಿಡದೇ ತಗೀತಾವ. ಹಿಡಿಕಿನೇ ಇಲ್ಲಂದ್ರ ಎಷ್ಟು ಸೂಜಿ ಚುಚ್ಚಿದ್ರೂ ಅವು ಅಂಗಳದಾಗ ನಿಂತು ತಿರುಗಿ ಹೋಗ್ತಾವ."

"ಅಂದ್ರ ದಾರು ಅಲ್ಲ?"

"ದಾರು ಕುಡದವ್ರಿಗೂ ಹಿಂಗಾಗ್ತದ. ಅದಕ್ಕೇ ಅವ್ರು ಹಂಗ ಬರದಾರ. ಇದನ್ನ ಇಲಿಗಳೊಳಗ ಛಂದಾಗಿ ನೋಡ್ಯಾರ. ಹೆಂಗಸರೊಳಗ ಅಷ್ಟು ಪಕ್ಕಾ ಇಲ್ಲ, ಮುಟ್ಟಿಗಿ ಮೊದಲಿನ ದಿನದಾಗ ಕೆಲವರಿಗಿ ಸೂಜಿ ಕಮ್ಮಿ ಹತ್ತಿದ್ದು ಕಂಡದ. ಇವ್ರಿಗೂ ಅದೇ ಆಗ್ಯಾದ ಅಂತ ನಾ ಆಣಿ ಮಾಡಂಗಿಲ್ಲ. ಆದ್ರ ಗುಳಿಗಿ ಬಿಟ್ಟ ದಿನದ ಲೆಕ್ಕ ಕೂಡಿಸಿ ನೋಡಿದ್ರ ಹೊಂದತದ."

ಹತ್ತು ದಿನ ಹೆಂಡತಿ ಕುಡುಕಿಯೆಂದು ನಂಬಲು ಉಮಾಕಾಂತನಿಗೆ ಒಂದು ಪ್ರಶ್ನೆಚಿಹ್ನೆ ಸಾಕಾಗಿತ್ತು. ಕುಡುಕಿಯಲ್ಲವೆಂದು ನಂಬಲು ಇಲಿಗಳ ಸಾಕ್ಷಿ ಬೇಕಾಯಿತು.

"ಮತ್ತ ಈಗ?" ಎಂದಳು ಸುಗಂಧಾ. "ಈಗ ಹತ್ತತದೇನ್ರಿ ಸೂಜಿ?"

"ಹತ್ತಬಹುದು, ಹತ್ತದೇ ಇರಬಹುದು. ಜೂಜು ಆಡೂದು ಬ್ಯಾಡ. ಕುತ್ತಿಗಿ ಹಂತ್ಯಾಕ ಸೂಜಿ ಹಾಕಿ ಬರೇ ಕೈ ಜೋಮು ಹಿಡಿಸ್ತೀನಿ. ಮೆದುಳಿನ ಗೊಡವಿನೇ ಬ್ಯಾಡ. ನೀವು ಎಚ್ಚರ ಇರ್ರಿ, ಟೈಮು ಹೇಳ್ರಿ."

ಕೈ ಜೋಮು ಹಿಡಿಯಿತು. ಹೆಗಲಿಗೆ ಯಾರದೋ ಕೈ ಹೊಲಿದಿಟ್ಟಂತಾಯಿತು. ಎಲುಬಿನ ಡಾಕ್ಟರು ಎಳೆದರು, ತಿರುವಿದರು. ಅರೆ ಬೆಸೆದಿದ್ದ ಎಲುಬು ಬಿಡುವ ಸಪ್ಪಳ ಸುಗಂಧಾಗೆ ಸ್ಪಷ್ಟವಾಗಿ ಕೇಳಿಸಿತು. ನೋವಿಲ್ಲ. ಅದಕ್ಕೇ ಸಿಟ್ಟು ಜಾಸ್ತಿ ಬಂತು. ಹೀಗೆ ಒಂದು ದಾರಿ ಇತ್ತು, ಮೊದಲ ದಿನವೂ ಇತ್ತು.

ಹೊರಡುವಾಗ ಹಳೆಯ ಕಾಗದ ಮುಂದಿಟ್ಟಳು. "ಬಾಯಿ, ಇದೊಂದು ಸಾಲು ಕಾಟು ಹಾಕಿಕೊಡ್ರಿ."

"ಇನ್ನೊಬ್ಬರು ಬರದಿದ್ದು ನಾ ಕಾಟು ಹಾಕಲಕ ಬರಂಗಿಲ್ಲ. ಕೆಳಗ ನಂದು ಬರೀತೀನಿ."

ಬರೆದಳು. ಪೂರಾ ಆರು ಸಾಲು. ಆದರೂ ಪ್ರಶ್ನೆಚಿಹ್ನೆ ಮೇಲೆಯೇ ಉಳಿಯಿತು.

ಆರು ವಾರದ ಮೇಲೆ ಪ್ಲಾಸ್ಟರ್ ಒಡೆಸಲು ಮತ್ತೆ ಉದಗೀರ. ಮಣಿಕಟ್ಟು ಬೆಳ್ಳಗೆ, ಬತ್ತಿದ ಬದನೆಯಂತಿತ್ತು. ಅಂಗೈ ಮೇಲಕ್ಕೆ ಮಾಡಿ ಎಂದರು, ಮಾಡಿದಳು. ಬೋರಲು ಮಾಡಿ ಎಂದರು. ಮುಕ್ಕಾಲು ತಿರುಗಿ ನಿಂತಿತು. ಒತ್ತಿದಳು. ಮುಂದೆ ಹೋಗಲಿಲ್ಲ.

"ವ್ಯಾಯಾಮ ಮಾಡಿದ್ರ ತುಸು ಬರಬಹುದು" ಎಂದಳು ಮೀನಲ. "ಮೊದಲನೇ ದಿನಾನೇ ಹಿಂಗ ಕೂಡಿಸಿದ್ರ ಪೂರಾ ಬರ್ತಿತ್ತು."

"ನಾ ಮೊದಲನೇ ದಿನಾನೇ ಹೋಗಿದ್ದೆ ರೀ. ಅವ್ರು ಕೇಳ್ಲಿಲ್ಲ."

"ಕೇಳಿದ್ರು, ಕಾಗದದಾಗ ಅದ. ನೀವು ಇಲ್ಲ ಅಂದ್ರಿ."

ಸುಗಂಧಾ ಸೆರಗು ಹೊದ್ದು ಎದ್ದಳು. ಗಂಡನ ಮುಂದೆ ಕೇಳಿದ್ದರು, ಮೈಲಿಗೆ ಒಪ್ಪದ ಅತ್ತೆ, ಮೈಲಿಗೆ ಬಿಡದ ಗಿರಾಕಿ, ಇದನ್ನೆಲ್ಲ ಒಬ್ಬ ನರ್ಸಿನ ಒಂದು ಪ್ರಶ್ನೆಗೆ ಹೇಗೆ ಹೇಳಬೇಕಿತ್ತು ಎಂಬ ಜವಾಬು ಆಕೆಗೆ ಹೊಳೆದದ್ದು ಬಸ್ಸು ನಿಲಂಗಾ ದಾಟಿದ ಮೇಲೆ. ಪಕ್ಕದಲ್ಲಿ ಉಮಾಕಾಂತ ನಿದ್ದೆ ಹೊಡೆಯುತ್ತಿದ್ದ.

ಮಾರ್ಗಶಿರದಲ್ಲಿ ಕುಸುಮಬಾಯಿ ತಾನೇ ಮನೆಗೆ ಬಂದಳು. ಗುರುವಾರದ ಲಕ್ಷ್ಮೀ ವ್ರತದ ಉದ್ಯಾಪನೆ, ನೂರಾ ಐವತ್ತು ಹೋಳಿಗೆ. ಮರಾಠಿಯಲ್ಲಿ ತಾರೀಖು ಹೇಳಿದಳು, ನಡುವೆ ಬಾಜೂಕ ಕೂಡದಂತೆ ನೋಡಿಕೊ ಎಂದು ನಕ್ಕಳು, ಆಮೇಲೆ ಕೈ ಹೇಗಿದೆ ಎಂದು ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ಮಾಣಿಕಬಾಯಿ ಕಿವಿ ನೆಟ್ಟಗೆ ಮಾಡಿ ನಿಂತಿದ್ದಳು. ಉದಗೀರದಿಂದ ಬಂದ ದಿನವೇ ಮಗ ಎಲ್ಲ ಒದರಿದ್ದ, ಹದಿನೈದು ದಿನ ಆಕೆ ಸೊಸೆಯೊಡನೆ ಮಾತು ಬಿಟ್ಟಿದ್ದಳು.

"ಗುಳಿಗಿ ಬಿಟ್ಟೀನ್ರಿ ಬಾಯಿ" ಎಂದಳು ಸುಗಂಧಾ. "ಮುಟ್ಟು ಪೂಜಾದ ದಿನ ತಪ್ಪಿ ಬಂದ್ರ ಬರ್ತೀನಿ, ಅದೇ ದಿನ ಬಂದ್ರನೂ ಬರ್ತೀನಿ. ನಡೀತದಾ?"

ಕುಸುಮಬಾಯಿ ಅತ್ತೆಯ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ವಿಚಾರ ಮಾಡಿ ಹೇಳುತ್ತೇನೆಂದು ಚಪ್ಪಲಿ ಮೆಟ್ಟಿದಳು. ಆ ಗುರುವಾರ ಹೋಯಿತು, ಹೇಳಿ ಕಳಿಸಲಿಲ್ಲ.

"ಹೋದ್ರ ಹೋಗ್ಲಿ" ಎಂದಳು ಮಾಣಿಕಬಾಯಿ. ಅತ್ತೆಗೆ ಹಾಗೆನ್ನುವುದು ಸಲೀಸು. ನೂರಾ ಐವತ್ತು ಹೋಳಿಗೆ ಹೋದದ್ದು ಅತ್ತೆಯ ಕೈಯಿಂದಲ್ಲ.

ಅದೇ ಗುರುವಾರ ಸುಗಂಧಾ ತನ್ನ ಮನೆಯಲ್ಲೇ ಹೂರಣ ರುಬ್ಬಿ ಹಂಚು ಕಾಯಿಸಿದಳು. ಮೊದಲನೆಯದನ್ನು ಬಲ ಅಂಗೈ ಮೇಲೆ ಹರವಿ ತಿರುವಿದಳು. ಮುಕ್ಕಾಲಿಗೆ ಕೈ ನಿಂತಿತು, ಹೋಳಿಗೆಯ ಒಂದು ಅಂಚು ಮಡಚಿ ಬಿತ್ತು. ಕೆತ್ತಿ ತೆಗೆದಳು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಎಡಗೈ ಹಚ್ಚಿದಳು. ಹೋಳಿಗೆ ಒಲೆಯ ಬೂದಿಯಲ್ಲಿ ಬಿತ್ತು. ನಾಲ್ಕು, ಐದು, ಎಡಗೈ ಬೆರಳು ಸುಟ್ಟಿತು. ಉಮಾಕಾಂತ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ.

"ಸುಗಂಧಾ, ದಪ್ಪ ಮಾಡಿದ್ರ..."

"ಸುಮ್ಮ ಕೂಡ್ರಿ."

ಆಕೆ ಆರನೆಯ ಉಂಡೆ ತೆಗೆದುಕೊಂಡು ಎಡಗೈಗೆ ಹಿಟ್ಟು ಸವರಿದಳು.